ಪ್ರೊಪೆಲ್ಲರ್‌ಗೆ ಲೋಹದ ಹೊಳಪು: ಮೊದಲು ಕಪ್ಪು ಬಣ್ಣ

ಎರಡನೇ ಮಹಾಯುದ್ಧದ ಜಪಾನಿ ಯುದ್ಧವಿಮಾನ ಜೀರೋದ ಪುಟ್ಟ ಮಾಡೆಲ್‌ನ ಪ್ರೊಪೆಲ್ಲರ್‌ಗೆ ಬ್ರಷ್‌ನಲ್ಲಿ ಬೆಳ್ಳಿ ಬಣ್ಣ ಹಚ್ಚಿದರೆ ಆಟಿಕೆ ತರ ಕಾಣುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಹೊಳೆಯುವ ಕಪ್ಪು ಬಣ್ಣ ಕೊಟ್ಟು ಪೂರ್ತಿ ಒಣಗಿಸಿ. ಅದರ ಮೇಲೆ ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಅಲ್ಯೂಮಿನಿಯಂ ಲ್ಯಾಕರ್ (ಬೇಗ ಒಣಗುವ ಒಂದು ಬಗೆಯ ಬಣ್ಣ) ತೀರಾ ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ. ಅಡಿಯ ಕಪ್ಪಿನಿಂದಲೇ ಲೋಹದ ಕಳೆ ಬರೋದು. ಏರ್‌ಬ್ರಷ್ ಇಲ್ಲವೇ? ಬೆಳ್ಳಿ ಬಣ್ಣ ಒಣಗಿದ ಮೇಲೆ ಪೆನ್ಸಿಲ್ ಕಡ್ಡಿಯ ಪುಡಿಯನ್ನು ಬೆರಳಲ್ಲಿ ತಿಕ್ಕಿ. ನನಗಂತೂ ಇದೇ ಹೆಚ್ಚು ಇಷ್ಟ.

ನೀವಿರೋದು ಮಡಿಕೇರಿ, ಮಳೆಗಾಲದಲ್ಲಿ ಅವಸರ ಬೇಡ. ತೇವ ತುಂಬಿದ ಗಾಳಿಗೆ ಲ್ಯಾಕರ್ ಹಾಲಿನಂತೆ ಬೆಳ್ಳಗಾಗಿಬಿಡುತ್ತೆ. ಮಳೆ ಬಿಟ್ಟು ಬಿಸಿಲು ಬಂದ ದಿನ ಹೊಡೆಯಿರಿ.

ಇನ್ನೊಂದು ವಿಷಯ: 1941ರ ಪರ್ಲ್ ಹಾರ್ಬರ್ ದಾಳಿಯ ಕಾಲದ ಜೀರೋಗಳಲ್ಲಿ ಪ್ರೊಪೆಲ್ಲರ್‌ನ ಮುಂಭಾಗ ಮಾತ್ರ ಬರಿ ಲೋಹ, ತುದಿಯಲ್ಲಿ ಕೆಂಪು ಪಟ್ಟಿ. ಪೈಲಟ್ ಕಡೆಯ ಹಿಂಬದಿಗೆ ಕಣ್ಣು ಕುಕ್ಕದ ಹಾಗೆ ಕೆಂಗಂದು ಬಣ್ಣ ಇತ್ತು. ಅದನ್ನು ದಯವಿಟ್ಟು ಬಿಡಬೇಡಿ.