ಡ್ರೇನ್ ತೊಟ್ಟಿಕ್ಕುತ್ತಿದ್ದರೆ ಮೊದಲು ಸ್ಪ್ಯಾನರ್ ಕೆಳಗಿಡಿ

ನಿಮ್ಮ ವಿಮಾನದ ಎಡ ರೆಕ್ಕೆಯ ಇಂಧನ ಟ್ಯಾಂಕಿನ ಡ್ರೇನ್ ವಾಲ್ವ್ ತೊಟ್ಟಿಕ್ಕುತ್ತಿದೆ, ಟ್ಯಾಂಕ್ ಖಾಲಿ ಮಾಡದೆ ಅದನ್ನು ಇನ್ನಷ್ಟು ಬಿಗಿಮಾಡಿಯೋ, ರಂಧ್ರಕ್ಕೆ ಬೆರಳು ಅಡ್ಡ ಹಿಡಿದು ಹೊಸದನ್ನು ಕೂರಿಸಿಯೋ ಸರಿಪಡಿಸಬಹುದೇ ಎಂದು ನೀವು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನು ಇದೇ ಯೋಚನೆಯೊಂದಿಗೆ ನನ್ನ ನಾಲ್ಕು ಆಸನಗಳ ಕೆಳರೆಕ್ಕೆಯ ವಿಮಾನದಡಿ ಅಂಗಾತ ಮಲಗಿದ್ದೆ.

ಅಂದು ಹಾರಾಟಕ್ಕೆ ಮುಂಚೆ ಎಂದಿನಂತೆ ನೀರಿನ ಪರೀಕ್ಷೆಗಾಗಿ, ವಾಲ್ವನ್ನು ಕೆಳಗಿನಿಂದ ಒಂದು ಕಪ್ಪಿನಿಂದ ಒತ್ತಿ ಇಂಧನದ ಮಾದರಿ ತೆಗೆದಿದ್ದೆ. ನೀರು ಏವ್‌ಗ್ಯಾಸ್‌ಗಿಂತ (ಸಣ್ಣ ವಿಮಾನಗಳ ಪೆಟ್ರೋಲ್) ಭಾರವಾದ್ದರಿಂದ ಟ್ಯಾಂಕಿನ ತಳಕ್ಕಿಳಿದು ನಿಲ್ಲುತ್ತದೆ. ಅದನ್ನು ಹೊರಗೆ ತೆಗೆಯಲೆಂದೇ ಈ ವಾಲ್ವನ್ನು ಅತ್ಯಂತ ತಗ್ಗಿನ ಜಾಗದಲ್ಲಿ ಇಟ್ಟಿರುತ್ತಾರೆ. ಕಪ್ ಕೆಳಗಿಳಿಸಿದ ಮೇಲೂ ವಾಲ್ವಿನ ತುದಿಯಲ್ಲಿ ತಿಳಿನೀಲಿ ಬಣ್ಣದ ಒಂದು ತೊಟ್ಟು ಉಳಿಯಿತು. ಅದು ನಿಧಾನವಾಗಿ ದಪ್ಪವಾಗಿ, ನಡುಗಿ, ಬಿತ್ತು. ಅದರ ಹಿಂದೆಯೇ ಇನ್ನೊಂದು ಮೂಡಿತು. ಗಡಿಯಾರ ನೋಡಿದರೆ ಸುಮಾರು 8 ಸೆಕೆಂಡಿಗೆ ಒಂದು ತೊಟ್ಟು ಬೀಳುತ್ತಿತ್ತು. ವಾಲ್ವ್ ಸಡಿಲವಾಗಿದೆ ಎಂದುಕೊಂಡು ಸ್ಪ್ಯಾನರ್ ಹಾಕಿ ಕಾಲು ಸುತ್ತು ತಿರುಗಿಸಿದೆ. ತೊಟ್ಟು ಅರ್ಧ ನಿಮಿಷಕ್ಕೊಂದಾಯಿತು. ಅಷ್ಟು ಸಾಕಾಯಿತು ನನಗೆ. ರೋಗ ತಿಳಿಯಿತು, ಮದ್ದೂ ತಿಳಿಯಿತು ಎಂದು ನಂಬಿಬಿಟ್ಟೆ.

ನನ್ನ ತಪ್ಪು ಇಲ್ಲಿಯೇ ಇದೆ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಡ್ರೇನ್ ವಾಲ್ವ್ ಸೋರುವುದಕ್ಕೆ ಎರಡು ದಾರಿಗಳಿವೆ. ಒಂದು, ವಾಲ್ವಿನ ಒಳಗಡೆ: ಸ್ಪ್ರಿಂಗ್ ಒತ್ತಡದಿಂದ ಒಂದು ಸಣ್ಣ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ತನ್ನ ಆಸನದ ಮೇಲೆ ಕುಳಿತಿರುತ್ತದೆ, ಅದು ಗಟ್ಟಿಯಾಗಿದ್ದರೆ, ಸೀಳಿದ್ದರೆ ಅಥವಾ ಅದರಡಿ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೆ ಇಂಧನವು ವಾಲ್ವಿನ ನಡುವಿನ ರಂಧ್ರದಿಂದ ಜಿನುಗುತ್ತದೆ. ಇನ್ನೊಂದು, ವಾಲ್ವಿನ ಹೊರಗಡೆ: ವಾಲ್ವನ್ನು ಟ್ಯಾಂಕಿಗೆ ತಿರುಗಿಸಿ ಕೂರಿಸುವ ಥ್ರೆಡ್‌ಗಳ ಸಂದಿನಿಂದ ಇಂಧನ ಇಳಿದು, ವಾಲ್ವಿನ ಮೈಮೇಲೆ ಹರಿದು ತುದಿಗೆ ಬರುತ್ತದೆ. ಎರಡರಲ್ಲೂ ತೊಟ್ಟು ಬೀಳುವುದು ಒಂದೇ ತುದಿಯಿಂದ. ಸ್ಪ್ಯಾನರಿಗೆ ಏನಾದರೂ ಕೆಲಸವಿದ್ದರೆ ಅದು ಎರಡನೆಯ ದಾರಿಯಲ್ಲಿ ಮಾತ್ರ. ನನ್ನದು ಮೊದಲನೆಯದಾಗಿತ್ತು. ಹಾಗಾದರೆ ಬಿಗಿ ಮಾಡಿದಾಗ ಸೋರಿಕೆ ಕಡಿಮೆಯಾದದ್ದೇಕೆ? ಸ್ಪ್ಯಾನರಿನ ಅಲುಗಾಟಕ್ಕೆ ಓ-ರಿಂಗ್ ಅಡಿಯ ಕಸ ಒಂದಿಷ್ಟು ಸರಿದಿತ್ತು, ಅಷ್ಟೇ.

ವಾರದ ನಂತರ ತೊಟ್ಟುಗಳು ಮತ್ತೆ ಬೀಳತೊಡಗಿದವು, ನಾನು ಮತ್ತೆ ಕಾಲು ಸುತ್ತು ತಿರುಗಿಸಿದೆ. ನನ್ನ ವಿಮಾನದ ವಾಲ್ವಿಗೆ ಇದ್ದದ್ದು ಶಂಕುವಿನಂತೆ ಓರೆಯಾದ ಪೈಪ್ ಥ್ರೆಡ್. ಅದರ ವ್ಯಾಸ ಪ್ರತಿ 16 ಅಂಗುಲಕ್ಕೆ 1 ಅಂಗುಲದಂತೆ ಹಿಗ್ಗುತ್ತ ಹೋಗುತ್ತದೆ. ಸಾಮಾನ್ಯ ಬೋಲ್ಟಿನಂತೆ ತಲೆ ತಾಗಿ ನಿಲ್ಲುವ ಜಾಗ ಅದಕ್ಕಿಲ್ಲ. ತಿರುಗಿಸಿದಷ್ಟೂ ಅದು ಬೆಣೆಯಂತೆ ಒಳನುಗ್ಗಿ, ತನ್ನ ಸುತ್ತಲಿನ, ಟ್ಯಾಂಕಿನದೇ ಭಾಗವಾದ ಅಲ್ಯೂಮಿನಿಯಮ್ ಬಳೆಯನ್ನು ಹೊರಕ್ಕೆ ಒತ್ತುತ್ತದೆ. ಮೂರನೆಯ ಸಲ ತಿರುಗಿಸಿದಾಗ ಮೊದಲು ಬಿಗಿಯಾಗಿದ್ದದ್ದು ತಟಕ್ಕನೆ ಹಗುರವಾಯಿತು. ಸರಿಯಾಗಿ ಕುಳಿತುಕೊಂಡಿತು ಎಂದು ತಿಳಿದು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಹ್ಯಾಂಗರ್ ಬಾಗಿಲು ತೆರೆಯುವಾಗಲೇ ವಾಸನೆ ಬಡಿಯಿತು. ವಾಲ್ವಿನ ಸುತ್ತಲಿನ ಬಳೆಯಲ್ಲಿ ಉಗುರಿನಷ್ಟು ಉದ್ದದ ಬಿರುಕು, ಅದರ ಗುಂಟ ಕೂದಲೆಳೆಯಂಥ ನೀಲಿ ಗೆರೆ, ನೆಲದ ಮೇಲೆ ಒದ್ದೆ.

ಒಂದು ರಬ್ಬರ್ ಬಳೆಯಿಂದ ಮುಗಿಯಬಹುದಾಗಿದ್ದ ಕೆಲಸಕ್ಕೆ ಇಡೀ ಟ್ಯಾಂಕನ್ನೇ ರೆಕ್ಕೆಯಿಂದ ಬಿಚ್ಚಬೇಕಾಯಿತು. ಅದನ್ನು ಹಿಡಿದಿದ್ದ ಹತ್ತಾರು ಸ್ಕ್ರೂಗಳಲ್ಲಿ ಹಲವು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು, ಅವನ್ನು ಡ್ರಿಲ್ ಮಾಡಿಯೇ ತೆಗೆದೆವು. ಒಳಗಿನ ಆವಿ ಪೂರ್ತಿ ಹೋಗುವಂತೆ ಟ್ಯಾಂಕನ್ನು ತೊಳೆದು, ಬೆಸುಗೆ ಹಾಕಿಸಿ, ಒತ್ತಡದ ಪರೀಕ್ಷೆ ಮುಗಿಸಿ ಮತ್ತೆ ಕೂರಿಸುವಷ್ಟರಲ್ಲಿ ಐದು ತಿಂಗಳು ಕಳೆದಿದ್ದವು.

ಹಾಗಾಗಿ ನಿಮ್ಮ ಪ್ರಶ್ನೆಯ ಎರಡೂ ಉಪಾಯಗಳನ್ನು ನಾನು ಒಪ್ಪುವುದಿಲ್ಲ. ಮೊದಲು ವಾಲ್ವನ್ನೂ ಅದರ ಸುತ್ತಲಿನ ಜಾಗವನ್ನೂ ಒಣಬಟ್ಟೆಯಿಂದ ಒರೆಸಿ, ಒಳ್ಳೆಯ ಬೆಳಕಿನಲ್ಲಿ ಸುಮ್ಮನೆ ನೋಡುತ್ತ ಕೂರಿ. ಒದ್ದೆ ಮೊದಲು ಎಲ್ಲಿ ಕಾಣಿಸುತ್ತದೆ, ನಡುವಿನ ರಂಧ್ರದಲ್ಲೋ, ಥ್ರೆಡ್ಡಿನ ಅಂಚಿನಲ್ಲೋ ಎಂಬುದಷ್ಟೇ ನಿಮಗೆ ಬೇಕು. ನಾನು ಮಾಡದೆ ಬಿಟ್ಟ ಕೆಲಸ ಇದೊಂದೇ, ಇದಕ್ಕೆ ಹತ್ತು ನಿಮಿಷ ಸಾಕು.

ನಡುವಿನಿಂದ ಬರುತ್ತಿದ್ದರೆ, ತಿರುಗಿಸಿ ತೆರೆದಿಡಬಹುದಾದ ಬಗೆಯ ವಾಲ್ವ್ ಅರ್ಧಕ್ಕೆ ಸಿಕ್ಕಿಕೊಂಡಿಲ್ಲವಷ್ಟೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಕಪ್ಪನ್ನು ನೇರವಾಗಿ ಮೇಲಕ್ಕೊತ್ತಿ, ನಾಲ್ಕಾರು ಬಾರಿ ಇಂಧನವನ್ನು ರಭಸವಾಗಿ ಹರಿಯಬಿಟ್ಟು ಹಿಡಿದುಕೊಳ್ಳಿ. ಕಸವಿದ್ದರೆ ಕೊಚ್ಚಿಕೊಂಡು ಬರುತ್ತದೆ, ಎಷ್ಟೋ ಸಲ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ಓರೆಯಾಗಿ ಒತ್ತಬೇಡಿ, ಅದರಿಂದಲೇ ಓ-ರಿಂಗ್ ಒಂದು ಪಕ್ಕ ಸವೆಯುತ್ತದೆ. ವಿಮಾನವು ಬಹುಕಾಲ ಖಾಲಿ ಟ್ಯಾಂಕಿನಲ್ಲಿ ನಿಂತಿದ್ದರೆ ರಬ್ಬರ್ ಒಣಗಿ ಕುಗ್ಗಿರುವ ಸಾಧ್ಯತೆಯೇ ಹೆಚ್ಚು, ಆಗ ತೊಳೆಯುವುದರಿಂದ ಪ್ರಯೋಜನವಿಲ್ಲ. ಓ-ರಿಂಗ್ ಮಾತ್ರ ಬದಲಿಸಬಹುದೇ, ಇಡೀ ವಾಲ್ವ್ ಬದಲಿಸಬೇಕೇ ಎಂಬುದು ವಾಲ್ವಿನ ಮಾದರಿಯನ್ನು ಅವಲಂಬಿಸಿದೆ. ಬಿಡಿಭಾಗಗಳ ಕೈಪಿಡಿಯಲ್ಲಿ ಕೊಟ್ಟಿರುವ ಸಂಖ್ಯೆಯದ್ದನ್ನೇ ತರಿಸಿ. ಅಳತೆ ಹೊಂದುತ್ತದೆ ಎಂದು ಅಂಗಡಿಯಲ್ಲಿ ಸಿಕ್ಕ ಯಾವುದೋ ರಬ್ಬರ್ ಹಾಕಿದರೆ ಅದು ಇಂಧನದಲ್ಲಿ ಉಬ್ಬಿ ಹಾಳಾಗಬಹುದು.

ಒದ್ದೆ ಥ್ರೆಡ್ಡಿನ ಅಂಚಿನಿಂದ ಬರುತ್ತಿದ್ದರೆ ವಾಲ್ವನ್ನು ಬಿಚ್ಚಿ ಹೊಸದಾಗಿ ಕೂರಿಸಬೇಕು. ಯಾವ ಕಾರಣಕ್ಕೇ ಆಗಲಿ, ವಾಲ್ವ್ ಬಿಚ್ಚಬೇಕಾದರೆ ಟ್ಯಾಂಕ್ ಖಾಲಿಯಾಗಲೇಬೇಕು. ಬೆರಳು ಅಡ್ಡ ಹಿಡಿದು ಬದಲಿಸಿದವರನ್ನು ನಾನೂ ನೋಡಿದ್ದೇನೆ: ಇಂಧನ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಬಟ್ಟೆಯೊಳಗೆ ಇಳಿಯುತ್ತಿರುವಾಗ ಯಾರ ಕೈಯೂ ಥ್ರೆಡ್ಡನ್ನು ನೇರವಾಗಿ ಹಿಡಿಯಲಾರದು, ಮೆತ್ತನೆಯ ಅಲ್ಯೂಮಿನಿಯಮ್‌ನಲ್ಲಿ ಒಮ್ಮೆ ಓರೆಯಾಗಿ ಹತ್ತಿದರೆ ಥ್ರೆಡ್ ಕೆಟ್ಟಂತೆಯೇ. ನೀಲಿ ಬಣ್ಣದ ಈ ಏವ್‌ಗ್ಯಾಸ್, ಅಂದರೆ 100ಎಲ್‌ಎಲ್ ಇಂಧನದಲ್ಲಿ ಸೀಸವಿದೆ ಎಂಬುದೂ ನೆನಪಿರಲಿ. ವಿಮಾನವನ್ನು ಹ್ಯಾಂಗರಿನಿಂದ ಹೊರಗೆ ತನ್ನಿ, ಏಕೆಂದರೆ ಈ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ದೂರದ ಕಿಡಿಯನ್ನೂ ಮುಟ್ಟುತ್ತದೆ. ವಿದ್ಯುತ್ ಸ್ವಿಚ್‌ಗಳೆಲ್ಲ ಆಫ್ ಇರಲಿ, ಅಗ್ನಿಶಾಮಕ ಕೈಗೆಟುಕುವಂತಿರಲಿ. ವಿಮಾನಕ್ಕೂ ಇಂಧನ ಹಿಡಿಯುವ ಲೋಹದ ಡಬ್ಬಕ್ಕೂ ತಂತಿ ಜೋಡಿಸಿ. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ, ಇಂಧನ ಹರಿಯುವಾಗ ಹುಟ್ಟುವ ಸ್ಥಿರವಿದ್ಯುತ್ತಿಗೆ ಅದರಲ್ಲಿ ಹೋಗಲು ದಾರಿಯಿರುವುದಿಲ್ಲ.

ಹೊಸ ವಾಲ್ವನ್ನು ಮೊದಲು ಬರಿಗೈಯಿಂದಲೇ ತಿರುಗಿಸಿ. ಥ್ರೆಡ್ಡಿಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಚೂರುಗಳು ಇಂಧನದೊಡನೆ ಹೋಗಿ ಫಿಲ್ಟರಿನಲ್ಲೋ ಕಾರ್ಬ್ಯುರೇಟರಿನಲ್ಲೋ ಸಿಕ್ಕಿಕೊಳ್ಳುತ್ತವೆ. ವಿಮಾನದ ನಿರ್ವಹಣಾ ಕೈಪಿಡಿ ಹೇಳುವ ಇಂಧನ ನಿರೋಧಕ ಸೀಲೆಂಟನ್ನು ತುದಿಯ ಒಂದೆರಡು ಥ್ರೆಡ್‌ಗಳನ್ನು ಬಿಟ್ಟು ತೆಳ್ಳಗೆ ಹಚ್ಚಿ, ಅದೇ ಕೈಪಿಡಿಯಲ್ಲಿ ಕೊಟ್ಟಿರುವಷ್ಟೇ ಬಿಗಿ ಮಾಡಿ. ಈ ಕೆಲಸವನ್ನು ಪರವಾನಗಿ ಪಡೆದ ಎಂಜಿನಿಯರ್ ಜೊತೆ ನಿಂತು ಮಾಡಿ, ಲಾಗ್‌ಬುಕ್ಕಿನಲ್ಲಿ ಅವರ ಸಹಿ ಇರಲಿ. ನಾನು ಮೊದಲನೆಯ ದಿನವೇ ಅವರನ್ನು ಕರೆದಿದ್ದರೆ ಸ್ಪ್ಯಾನರನ್ನು ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದರು.

ಬಿಡದೆ ತೊಟ್ಟಿಕ್ಕುತ್ತಿರುವ ವಿಮಾನವನ್ನು ಈ ಕೆಲಸ ಮುಗಿಯುವವರೆಗೆ ಹಾರಿಸಬೇಡಿ. ಮುಗಿದ ಮೇಲೆ ಟ್ಯಾಂಕಿಗೆ ಮೊದಲು ಕೆಲವೇ ಲೀಟರ್ ಸುರಿದು ಒಂದು ಗಂಟೆ ಕಾಯಿರಿ, ವಾಲ್ವ್ ಒಣಗಿಯೇ ಇದ್ದರೆ ಪೂರ್ತಿ ತುಂಬಿ. ನಾಲ್ಕಾರು ಬಾರಿ ಮಾದರಿ ತೆಗೆದು, ಪ್ರತಿ ಸಲವೂ ವಾಲ್ವ್ ಸ್ವಚ್ಛವಾಗಿ ಮುಚ್ಚಿಕೊಳ್ಳುತ್ತದೆಯೇ ನೋಡಿ, ಆ ಟ್ಯಾಂಕಿನಿಂದಲೇ ಎಂಜಿನ್ ಓಡಿಸಿ ನೆಲದ ಮೇಲೆ ಪರೀಕ್ಷಿಸಿ. ರಾತ್ರಿ ವಾಲ್ವಿನ ಕೆಳಗೆ ಒಂದು ಬಿಳಿ ಕಾಗದ ಹಾಸಿ ಹೋಗಿ. ಇಂಧನ ಆರಿಹೋದರೂ ಅದರ ನೀಲಿ ಬಣ್ಣ ಕಾಗದದ ಮೇಲೆ ಉಳಿದಿರುತ್ತದೆ, ಬೆಳಿಗ್ಗೆ ಅಂಥ ಕಲೆ ಕಂಡರೆ ಮತ್ತೆ ಬಿಗಿ ಮಾಡದೆ, ಟ್ಯಾಂಕನ್ನು ಇನ್ನೊಮ್ಮೆ ಖಾಲಿ ಮಾಡಿ.