450 ಡಾಲರಿನ ಪಿಸ್ತೂಲಿಗೆ 250 ಡಾಲರಿನ ಟ್ಯೂನ್‌ಅಪ್ ಮಾಡಿಸಬೇಕಾ?

ನೀವು ಕೇಳಿರುವುದು ಇಷ್ಟು: ಟೆಕ್ಸಸ್‌ನಲ್ಲಿದ್ದೀರಿ, 450 ಡಾಲರ್ ಕೊಟ್ಟು .45ರ (ಗುಂಡಿನ ಅಳತೆ, ಸುಮಾರು 0.45 ಇಂಚು) 1911 ಮಾದರಿಯ ಪಿಸ್ತೂಲು ಕೊಂಡಿದ್ದೀರಿ. ಇನ್ನೂ ನೂರು ಗುಂಡು ಹೊಡೆದಿಲ್ಲ, ಆಗಲೇ ಐದಾರು ಸಲ ಸಿಕ್ಕಿಹಾಕಿಕೊಂಡಿದೆ. ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಒಬ್ಬರು ‘ಫುಲ್ ಟ್ಯೂನ್‌ಅಪ್’ಗೆ 250 ಡಾಲರ್ ಹೇಳಿದ್ದಾರೆ. ಮಾಡಿಸಬೇಕಾ, ಬೇಡವಾ?

ಈಗಲೇ ಬೇಡ. ನಾನು ಮಾಡಿಸಿ ಕೈ ಸುಟ್ಟುಕೊಂಡವನು. ಅರ್ಧ ಕೈ ಅನ್ನಬೇಕು, ಯಾಕೆಂದರೆ ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಅಜ್ಜನ ಒಂಟಿ ನಳಿಗೆ ಕೋವಿ ಇತ್ತು, ತೋಟಕ್ಕೆ ಬರುವ ಮಂಗ, ಹಂದಿ ಹೆದರಿಸಲಿಕ್ಕೆ. ಚುನಾವಣೆ ಬಂದಾಗೆಲ್ಲ ಅದು ಠಾಣೆಗೆ ಹೋಗಿ ಜಮಾ ಆಗುತ್ತಿತ್ತು. ಮುಟ್ಟಲು ನಮಗೆ ಬಿಡುತ್ತಿರಲಿಲ್ಲ. ಆ ಆಸೆ ಒಳಗೇ ಉಳಿದಿತ್ತೋ ಏನೋ, ಓಹಾಯೋದಲ್ಲಿ ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಮೊದಲು ಕೊಂಡ ಬೇಡದ ವಸ್ತು ಇದೇ. 430 ಡಾಲರ್. ಮೊದಲ ದಿನದಿಂದಲೇ ಎರಡು ಮ್ಯಾಗಝೀನ್‌ಗೊಮ್ಮೆ (ಗುಂಡು ತುಂಬಿ ಹಿಡಿಕೆಯೊಳಗೆ ತೂರಿಸುವ ಡಬ್ಬಿ ಅದು) ಗುಂಡಿನ ಮೂತಿ ನಳಿಗೆಯ ಬಾಯಿಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು. ಅಗ್ಗದ ಮಾಲು, ಅದಕ್ಕೇ ಹೀಗೆ ಅಂದುಕೊಂಡೆ. ಗನ್‌ಸ್ಮಿತ್ ಹತ್ತಿರ ಹೋದೆ. ಟ್ರಿಗರ್ ಕೆಲಸ, ಗುಂಡು ಏರುವ ಇಳಿಜಾರಿಗೆ ಪಾಲಿಶ್, ಖಾಲಿ ತೋಟೆ ಎಳೆಯುವ ಎಕ್ಸ್‌ಟ್ರಾಕ್ಟರ್ ಸರಿ ಮಾಡುವುದು, ಹೊಸ ಸ್ಪ್ರಿಂಗ್‌ಗಳು, ಎಲ್ಲ ಸೇರಿ 280 ಡಾಲರ್. ಮೂರು ವಾರ ಇಟ್ಟುಕೊಂಡರು.

ವಾಪಸ್ ಬಂದ ದಿನ ಚೆನ್ನಾಗಿ ನಡೆಯಿತು. ಮುಂದಿನ ವಾರ ಮತ್ತೆ ಅದೇ ರಾಗ. ನಾನು ಬಾಯಲ್ಲೇ ಬೈದುಕೊಳ್ಳುವುದನ್ನು ನೋಡಿ ಶೂಟಿಂಗ್ ರೇಂಜ್‌ನಲ್ಲಿ ಪಕ್ಕದ ಲೇನ್‌ನ ಮುದುಕರೊಬ್ಬರು ತಮ್ಮ ಮ್ಯಾಗಝೀನ್ ಒಂದನ್ನು ತೆಗೆದು ಕೈಗಿಟ್ಟರು. ನನ್ನ ಪೆಟ್ಟಿಗೆಯಲ್ಲಿ ಉಳಿದಿದ್ದ ಗುಂಡೆಲ್ಲ ಒಂದೂ ಸಿಕ್ಕಿಕೊಳ್ಳದೆ ಹೋದವು. ಪಿಸ್ತೂಲಿನ ಜೊತೆ ಬಂದಿದ್ದ ಒಂದು ಮ್ಯಾಗಝೀನ್‌ನ ಮೇಲಿನ ಅಂಚು ಸರಿ ಇರಲಿಲ್ಲ, ಅಷ್ಟೇ ರೋಗ. ಹೊಸದಕ್ಕೆ 38 ಡಾಲರ್ ಆಯಿತು. ಪ್ಲಗ್ ಹೋದ ಲೂನಾಗೆ ಇಂಜಿನ್ ಬಿಚ್ಚಿಸಿದ ಹಾಗಾಯ್ತಲ್ಲ ಎಂದು ಹೆಂಡತಿ ಇನ್ನೂ ಆಡಿಕೊಳ್ಳುತ್ತಾಳೆ.

ಹಾಗಾಗಿ ನೀವು ಮೊದಲು ಮಾಡಬೇಕಾದ್ದು ಮ್ಯಾಗಝೀನ್‌ಗಳ ತಳಕ್ಕೆ ಮಾರ್ಕರ್ ಪೆನ್ನಿನಲ್ಲಿ 1, 2 ಎಂದು ಬರೆಯುವುದು. ಸಿಕ್ಕಿಕೊಂಡಾಗೆಲ್ಲ ಯಾವುದರಲ್ಲಿ, ಎಷ್ಟನೇ ಗುಂಡಿಗೆ ಅಂತ ಗುರುತು ಹಾಕಿಕೊಳ್ಳಿ. ಎಲ್ಲ ಒಂದರಲ್ಲೇ ಬಂದರೆ ಕಳ್ಳ ಸಿಕ್ಕಿಬಿದ್ದ. ವಿಲ್ಸನ್ ಕಾಂಬ್ಯಾಟ್‌ನಂಥ ಕಂಪನಿಯವರ ಒಂದು ಒಳ್ಳೆಯ ಮ್ಯಾಗಝೀನ್ ಕೊಳ್ಳಿ. ಪಿಸ್ತೂಲು ಬದಲಾಯಿಸಿದರೂ ಅದೇ ಅಳತೆಯ ಇನ್ನೊಂದು 1911ಕ್ಕೆ ಅದು ಆಗುತ್ತದೆ, ದುಡ್ಡು ಎಲ್ಲೂ ಹೋಗುವುದಿಲ್ಲ.

ಗುಂಡು ಯಾವುದು ಎಂದು ನೀವು ಬರೆದಿಲ್ಲ. ಇದು ಮುಖ್ಯ. ಜಾನ್ ಬ್ರೌನಿಂಗ್ ಮಾಡಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ ತೆಗೆದುಕೊಂಡದ್ದು 1911ರಲ್ಲಿ. ಹೆಸರೇ ಅದರಿಂದ ಬಂತು. 1985ರಲ್ಲಿ ಬೆರೆಟ್ಟಾ ಕಂಪನಿಯ ಪಿಸ್ತೂಲು ಬರುವ ತನಕ ಸೇನೆಯ ಮಾಮೂಲಿ ಪಿಸ್ತೂಲು ಇದೇ ಆಗಿತ್ತು. ಅಷ್ಟೂ ವರ್ಷ ಅದಕ್ಕೆ ತಿನ್ನಿಸಿದ್ದು 230 ಗ್ರೇನ್ (ಗುಂಡಿನ ತೂಕದ ಅಳತೆ) ತೂಗುವ ದುಂಡು ಮೂತಿಯ ಗುಂಡು. ಮೂತಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಗುಂಡನ್ನು ಹಳೆಯ ಅಳತೆಯಲ್ಲೇ ಕಟ್ಟಿದ ಪಿಸ್ತೂಲುಗಳು ಎಷ್ಟೋ ಸಲ ಒಪ್ಪುವುದಿಲ್ಲ. ನೀವು ಅದನ್ನು ಹಾಕುತ್ತಿದ್ದರೆ ನಿಲ್ಲಿಸಿ, 300 ದುಂಡು ಮೂತಿಯ ಗುಂಡು ಹೊಡೆದು ನೋಡಿ. ಹೊಸ ಪಿಸ್ತೂಲಿನ ಲೋಹಕ್ಕೆ ಲೋಹ ಉಜ್ಜಿ ಸ್ವಲ್ಪ ನಯವಾಗಬೇಕು. ಪೆಟ್ಟಿಗೆಯಿಂದ ತೆಗೆದಾಗ ಮೈಗೆಲ್ಲ ಮೆತ್ತಿರುವ ಎಣ್ಣೆ ತುಕ್ಕು ಹಿಡಿಯದಿರಲಿ ಅಂತ ಹಾಕಿದ್ದು, ಅದನ್ನು ಒರೆಸಿ ಸ್ಲೈಡ್ (ಹೊಡೆದಾಗ ಹಿಂದೆ ಮುಂದೆ ಓಡುವ ಮೇಲಿನ ಭಾಗ) ಜಾರುವ ಕಡೆ ಸರಿಯಾದ ಎಣ್ಣೆ ಬಿಡಿ. ಇನ್ನೊಂದು ಮಾತು, ತಪ್ಪು ತಿಳಿಯಬೇಡಿ: ಮಣಿಕಟ್ಟು ಸಡಿಲ ಬಿಟ್ಟು ಹಿಡಿದರೂ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ. ಅನುಭವ ಇರುವವರೊಬ್ಬರಿಗೆ ಎರಡು ಮ್ಯಾಗಝೀನ್ ಹೊಡೆಯಲು ಕೊಡಿ. ಅವರ ಕೈಯಲ್ಲಿ ಓಡಿದರೆ ಟ್ಯೂನ್‌ಅಪ್ ಬೇಕಿರುವುದು ಪಿಸ್ತೂಲಿಗಲ್ಲ. 

ಇಷ್ಟಾದ ಮೇಲೂ ಸಿಕ್ಕಿಕೊಂಡರೆ? ಆಗಲೂ ಮೊದಲು ಕಂಪನಿಗೆ ಫೋನ್ ಮಾಡಿ. ಫಿಲಿಪ್ಪೀನ್ಸ್‌ನಲ್ಲಿ, ಟರ್ಕಿಯಲ್ಲಿ ಮಾಡಿ ಇಲ್ಲಿ ಮಾರುವ ಅಗ್ಗದ 1911ಗಳಿಗೂ ವಾರಂಟಿ ಇರುತ್ತದೆ. ಹೊರಗಿನವರು ಒಳಗೆ ಕೈ ಹಾಕಿದ ಮೇಲೆ ಆ ವಾರಂಟಿ ನಿಲ್ಲದಿರಬಹುದು. ನಾನು ಮಾಡಿದ ಎರಡನೇ ತಪ್ಪು ಅದು. ಸೇಫ್ಟಿ ಹಾಕಿದಾಗಲೂ ಹ್ಯಾಮರ್ (ಗುಂಡು ಸಿಡಿಸಲು ಹಿಂದಿನಿಂದ ಬಡಿಯುವ ಸುತ್ತಿಗೆ) ಬೀಳುತ್ತದೆ ಎಂಬಂಥ ದೋಷ ಕಂಡರಂತೂ ಒಂದು ಗುಂಡನ್ನೂ ಹಾಕಬೇಡಿ, ನೇರ ಕಂಪನಿಗೆ ಕಳಿಸಿ.

ಗನ್‌ಸ್ಮಿತ್‌ಗೆ ನಿಜವಾಗಿ ಕೆಲಸ ಇರುವುದು ಎರಡು ಕಡೆ. ಒಂದು ಎಕ್ಸ್‌ಟ್ರಾಕ್ಟರ್. ಖಾಲಿ ತೋಟೆಯನ್ನು ಕಚ್ಚಿ ಹೊರಗೆಳೆಯುವ ಕೊಕ್ಕೆ ಅದು. 1911ರ ಹಳೆಯ ವಿನ್ಯಾಸದಲ್ಲಿ ಅದಕ್ಕೆ ಬೇರೆ ಸ್ಪ್ರಿಂಗ್ ಇಲ್ಲ. ಆ ಉದ್ದನೆಯ ಉಕ್ಕಿನ ಕಡ್ಡಿಯೇ ಸ್ಪ್ರಿಂಗ್. ಅದನ್ನು ಎಷ್ಟು ಬಾಗಿಸಬೇಕು ಎನ್ನುವುದು ಕೈಯ ಅಂದಾಜು. ಬಿಗಿ ಜಾಸ್ತಿಯಾದರೆ ಹೊಸ ಗುಂಡು ಮೇಲೇರುವುದಿಲ್ಲ, ಕಮ್ಮಿಯಾದರೆ ಖಾಲಿ ತೋಟೆ ಸ್ಲೈಡ್‌ನಲ್ಲಿ ಚಿಮಣಿ ಹಾಗೆ ನಿಂತುಬಿಡುತ್ತದೆ. ತೋಟೆಗಳು ಒಮ್ಮೆ ಬಲಕ್ಕೆ, ಒಮ್ಮೆ ಹಣೆಗೆ ಹಾರುತ್ತಿದ್ದರೆ ಇಲ್ಲಿ ಅನುಮಾನ ಪಡಿ. ಅಂದ ಹಾಗೆ, ಗುಂಡನ್ನು ಕೈಯಿಂದ ನಳಿಗೆಗೆ ಹಾಕಿ ಸ್ಲೈಡ್ ಬಡಿಯುವ ಅಭ್ಯಾಸ ಇದ್ದರೆ ಬಿಡಿ. ಆ ಕೊಕ್ಕೆ ಹಾಳಾಗುವುದೇ ಹಾಗೆ.

ಇನ್ನೊಂದು ಟ್ರಿಗರ್, ನಮ್ಮೂರ ಮಾತಿನಲ್ಲಿ ಕುದುರೆ. ನಾನು ಬೇಜಾರಿಲ್ಲ ಅಂದ ಅರ್ಧ ದುಡ್ಡು ಇದಕ್ಕೆ ಹೋಗಿದ್ದು. 1911ರ ಟ್ರಿಗರ್ ಬೇರೆಯವುಗಳ ಹಾಗೆ ತಿರುಗುವುದಿಲ್ಲ, ನೇರ ಹಿಂದಕ್ಕೆ ಜಾರುತ್ತದೆ. ಕೆಲಸ ಚೆನ್ನಾಗಿದ್ದರೆ ಅದರಂಥ ಟ್ರಿಗರ್ ಇನ್ನೊಂದಿಲ್ಲ. ನನ್ನದನ್ನು ಎಳೆಯಲು ಮೊದಲು ಆರೂವರೆ ಪೌಂಡ್ ಬಲ ಬೇಕಿತ್ತು, ಮಧ್ಯದಲ್ಲಿ ಮರಳು ಸಿಕ್ಕಿದ ಹಾಗೆ ಕರಕರ. ಈಗ ನಾಲ್ಕಕ್ಕೆ ಸ್ವಲ್ಪ ಮೇಲೆ, ಗಾಜಿನ ಕಡ್ಡಿ ಮುರಿದ ಹಾಗೆ ಟಕ್ ಅನ್ನುತ್ತದೆ. ಗುರಿ ಸುಧಾರಿಸಿತಾ? ಸುಧಾರಿಸಿತು. ಎಳೆಯುವಾಗ ಮೂತಿ ಕೆಳಗೆ ಎಳೆದುಕೊಂಡು ಹೋಗುವ ನನ್ನ ಚಾಳಿ ಕಮ್ಮಿಯಾಯ್ತು.

ವಿಡಿಯೋ ನೋಡಿ ಮನೆಯಲ್ಲೇ ಅರ ಹಾಕಲು ಮಾತ್ರ ಹೋಗಬೇಡಿ. ಹ್ಯಾಮರನ್ನು ತಡೆದು ಹಿಡಿಯುವ ಅಂಚು ಕೂದಲೆಳೆಯಷ್ಟು ಜಾಸ್ತಿ ಸವೆದರೂ ಹಿಡಿತ ತಪ್ಪುತ್ತದೆ. ಸ್ಲೈಡ್ ಮುಚ್ಚಿದಾಗ ಹ್ಯಾಮರ್ ತಾನೇ ಮುಂದಕ್ಕೆ ಬೀಳುತ್ತದೆ, ಇಲ್ಲವೇ ಒಂದು ಎಳೆತಕ್ಕೆ ಎರಡು ಮೂರು ಗುಂಡು ಹಾರುತ್ತವೆ. ಜೀವಕ್ಕೂ ಅಪಾಯ, ಇಲ್ಲಿನ ಕಾನೂನು ಅದನ್ನು ಮೆಷಿನ್‌ಗನ್ ಅಂತ ನೋಡುವ ಅಪಾಯವೂ ಇದೆ. ಗನ್‌ಸ್ಮಿತ್ ದುಡ್ಡು ತೆಗೆದುಕೊಳ್ಳುವುದು ಈ ಕೂದಲೆಳೆಗೇ.

ಸ್ಪ್ರಿಂಗ್ ಬದಲಾಯಿಸಲು ಅವರು ಬೇಕಿಲ್ಲ. ಐದಿಂಚಿನ ನಳಿಗೆಯ .45ಕ್ಕೆ ಸ್ಲೈಡನ್ನು ಮುಂದಕ್ಕೆ ತಳ್ಳುವ 16 ಪೌಂಡಿನ ರಿಕಾಯ್ಲ್ ಸ್ಪ್ರಿಂಗ್ ಮಾಮೂಲಿ, ಹತ್ತು ಡಾಲರ್ ಆಸುಪಾಸು. ಸ್ವಚ್ಛ ಮಾಡಲು ಬಿಚ್ಚುವಾಗ ಹೇಗೂ ಕೈಗೆ ಬರುತ್ತದೆ. ಇನ್ನು ‘ಗುರಿ ಚೆನ್ನಾಗಿಲ್ಲ, ನಳಿಗೆ ಬದಲಾಯಿಸಿ ಕೂರಿಸೋಣ’ ಎಂದರೆ ಮುಂದೆ ಹೋಗಲೇಬೇಡಿ. ನಾಲ್ಕಾಣೆ ಕೋಳಿಗೆ ಹನ್ನೆರಡಾಣೆ ಮಸಾಲೆ ಅದು. ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ ಹೊಡೆದು ನೋಡಿ. ನನ್ನದು ಅಲ್ಲಿ ಎಷ್ಟು ಚೆನ್ನಾಗಿ ಹೊಡೆಯಿತೆಂದರೆ, ಆಮೇಲೆ ಪಿಸ್ತೂಲಿನ ಮೇಲೆ ದೂರು ಹೇಳಲು ನಾಚಿಕೆಯಾಯಿತು.

ದುಡ್ಡಿನ ಲೆಕ್ಕ ಹೀಗೆ ಹಾಕಿ. 250 ಡಾಲರಿಗೆ .45ರ ಸುಮಾರು 500 ಗುಂಡು ಬರುತ್ತದೆ. ನೀವು ಹೊಸಬರು, ಆ 500 ಗುಂಡು ಕಲಿಸುವಷ್ಟು ಯಾವ ಪಾಲಿಶ್ಶೂ ಕಲಿಸುವುದಿಲ್ಲ. ಮಾರುವಾಗಲೂ ಅಷ್ಟೇ, ಟ್ಯೂನ್‌ಅಪ್ ಆಗಿದೆ ಅಂತ ಯಾರೂ ಮೇಲೆ ಕೊಡುವುದಿಲ್ಲ. ನಿಮ್ಮದು 300 ಡಾಲರಿನ ಪ್ಲಾಸ್ಟಿಕ್ ಮೈಯ, ಹ್ಯಾಮರ್ ಇಲ್ಲದ ಸ್ಟ್ರೈಕರ್ ಪಿಸ್ತೂಲು ಆಗಿದ್ದರೆ ಒಂದೇ ಸಾಲಿನಲ್ಲಿ ಬೇಡ ಅನ್ನುತ್ತಿದ್ದೆ. 1911 ಆದ್ದರಿಂದ ಇಷ್ಟುದ್ದ ಬರೆದೆ. ಅಗ್ಗದ್ದಾದರೂ ಅದರ ಮೂಳೆ ಒಳ್ಳೆಯದು, ಕೈ ಕೆಲಸಕ್ಕೆ ಬಗ್ಗುತ್ತದೆ.

ಆರು ತಿಂಗಳ ಬಳಿಕ ಅದೇ ಗನ್‌ಸ್ಮಿತ್ ಹತ್ತಿರ ಹೋದರೆ ‘ಫುಲ್ ಪ್ಯಾಕೇಜ್’ ಅನ್ನಬೇಡಿ. ಟ್ರಿಗರ್‌ಗೆ ಮಾತ್ರ ಎಷ್ಟು, ಎಷ್ಟು ಪೌಂಡಿಗೆ ತರುತ್ತೀರಿ, ನೀವೇ ಹೊಡೆದು ನೋಡಿ ಕೊಡುತ್ತೀರಾ ಎಂದು ಕೇಳಿ. ನಿಮ್ಮ ಮ್ಯಾಗಝೀನ್, ನೀವು ಹೊಡೆಯುವ ಗುಂಡು ಎರಡನ್ನೂ ಜೊತೆಗೇ ಕೊಡಿ. ನಾನು ಬರೀ ಪಿಸ್ತೂಲು ಕೊಟ್ಟು ಬಂದಿದ್ದೆ, ಅವರು ತಮ್ಮ ಮ್ಯಾಗಝೀನ್ ಹಾಕಿ ನೋಡಿದ್ದರು. ಸರಿಯಾಗೇ ಓಡಿತ್ತು, ಪಾಪ ಅವರದೇನು ತಪ್ಪು?

ನೀವು ಕೇಳದೇ ಇರುವ ಎರಡು ವಿಷಯ. ಇದನ್ನು ಓದುವ ಎಚ್-1ಬಿ ವೀಸಾದವರು ಗಮನಿಸಿ: ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನಿದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಮಾತ್ರ ಇವೆ. ವಕೀಲರನ್ನು ಕೇಳದೆ ಗೆಳೆಯನ ಪಿಸ್ತೂಲನ್ನೂ ಮನೆಗೆ ತರಬೇಡಿ. ಎರಡನೆಯದು, ರೇಂಜ್‌ಗೆ ಒಯ್ಯುವ ಚೀಲವನ್ನು ಊರಿಗೆ ಹೋಗುವಾಗ ಬಳಸಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯ ಕೇಸು.

ಮ್ಯಾಗಝೀನ್‌ಗೆ ನಂಬರ್ ಹಾಕಿ ಹೊಡೆದ ಮೇಲೆ ಏನಾಯ್ತು ಅಂತ ಬರೆಯಿರಿ. ಖಾಲಿ ತೋಟೆ ಯಾವ ಕಡೆ ಹಾರಿತು ಅನ್ನುವುದನ್ನೂ ಸೇರಿಸಿ.