ನ್ಯೂಜೆರ್ಸಿಯಲ್ಲಿ ರೇಟಿಂಗ್ 9 ಇರುವ ಪುಟ್ಟ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಮನೆ ಕೊಳ್ಳಬಹುದಾ?

ಒಂದೇ ಶಾಲೆಯ ಪುಟ್ಟ ಬರೋ (ತನ್ನದೇ ಪುರಸಭೆ ಇರುವ ಸಣ್ಣ ಊರು), ಶಾಲೆಗಳಿಗೆ ಅಂಕ ಕೊಡುವ ವೆಬ್‌ಸೈಟಿನಲ್ಲಿ ಹತ್ತಕ್ಕೆ 9 ರೇಟಿಂಗ್. ಪಕ್ಕದಲ್ಲಿ ದೊಡ್ಡ ಟೌನ್‌ಶಿಪ್, ರೇಟಿಂಗ್ 7. ಮಗನಿಗೆ 4 ವರ್ಷ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. 2016ರಲ್ಲಿ ನಾನೂ ಇದನ್ನೇ ಕಂಡಕಂಡವರನ್ನೆಲ್ಲ ಕೇಳುತ್ತಿದ್ದೆ. ಕೊನೆಗೆ 9 ಇರುವ ಊರನ್ನೇ ಆರಿಸಿಕೊಂಡೆ. ಏನಾಯಿತು ಅಂತ ಹೇಳುತ್ತೇನೆ, ಕೇಳಿ.

ನಮ್ಮ ಬರೋ ಹೆಸರು ಬೇಡ. ಇನ್ನೂ ಅಲ್ಲೇ ಇದ್ದೇವೆ, ನಾಳೆ ಮನೆ ಮಾರಬೇಕಲ್ವಾ. ಕಿಂಡರ್‌ಗಾರ್ಟನ್‌ನಿಂದ 8ನೇ ತರಗತಿವರೆಗೆ ಒಂದೇ ಕಟ್ಟಡ, ಸುಮಾರು 300 ಮಕ್ಕಳು. ನಾವು ನೋಡಲು ಹೋದ ದಿನ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಒಂದೊಂದು ಮಗುವನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಸ್ಕೂಲ್ ಡಿಸ್ಟ್ರಿಕ್ಟ್‌ನ, ಅಂದರೆ ಊರಿನ ಶಾಲೆ ನಡೆಸುವ ಸ್ಥಳೀಯ ಆಡಳಿತದ, ಸೂಪರಿಂಟೆಂಡೆಂಟ್ (ಮುಖ್ಯಾಧಿಕಾರಿ) ಕೂಡ ಅವರೇ ಅಂತ ಆಮೇಲೆ ತಿಳಿಯಿತು. ಊರಲ್ಲಿ ಒಂದು ಮಾಲ್ ಇಲ್ಲ, ಗೋದಾಮಿಲ್ಲ, ಆಫೀಸ್ ಕಟ್ಟಡ ಇಲ್ಲ. ಒಂದು ಪಿಜ್ಜಾ ಅಂಗಡಿ, ಒಂದು ಚರ್ಚು, ಬೀದಿಯುದ್ದಕ್ಕೂ ಮರಗಳು. "ಎಷ್ಟು ಪ್ರಶಾಂತವಾಗಿದೆ!" ಎಂದು ನಾನು ಹಿಗ್ಗಿದೆ. ಆ ಪ್ರಶಾಂತತೆಗೆ ಬಿಲ್ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ನನ್ನ ಹೆಂಡತಿ ಒಂದೇ ಒಂದು ಮಾತು ಕೇಳಿದಳು: "ಈ ಶಾಲೆಗೆ ದುಡ್ಡು ಎಲ್ಲಿಂದ ಬರತ್ತೆ?" ನಾನು ನಕ್ಕುಬಿಟ್ಟೆ. "ಸರ್ಕಾರಿ ಶಾಲೆ ಕಣೇ, ಸರ್ಕಾರ ಕೊಡತ್ತೆ" ಅಂದೆ.

ನಾನು ಮಾಡಿದ ತಪ್ಪು ಅದೇ. ಒಂದು ವಾಕ್ಯದಲ್ಲಿ ಮುಗಿಸಬಹುದು, ಆದರೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ನಂಬಿಕೆ ಕಾಣುತ್ತಿದೆ.

ಕರ್ನಾಟಕದ ನಮ್ಮ ಊರಲ್ಲಿ ನಮ್ಮಪ್ಪ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಾಗಿದ್ದರು. ಕಾಂಪೌಂಡು, ನೀರಿನ ಟ್ಯಾಂಕು, ಬಿಸಿಯೂಟ, ಆಗಸ್ಟ್ 15ರ ಸಿಹಿ, ಇಂಥವೇ ಅವರ ತಲೆನೋವು. ಮೇಷ್ಟ್ರ ಸಂಬಳ ಸರ್ಕಾರದಿಂದ ಬರುತ್ತಿತ್ತು. ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಮೇಷ್ಟ್ರನ್ನು ಬೇರೆ ಕಡೆ ಹಾಕುತ್ತಿದ್ದರು, ಆದರೆ ಅದಕ್ಕಾಗಿ ಊರಿನವರ ಮನೆ ಕಂದಾಯ ಏರಿದ್ದನ್ನು ನಾನಂತೂ ಕಾಣೆ. ಆ ಚಿತ್ರವನ್ನೇ ತಲೆಯಲ್ಲಿಟ್ಟುಕೊಂಡು ಇಲ್ಲಿಗೆ ಬಂದೆ. ಇಲ್ಲಿ ಕಥೆ ಬೇರೆ. ಡಿಸ್ಟ್ರಿಕ್ಟ್ ಅಂದರೆ ತನ್ನದೇ ತೆರಿಗೆ, ತನ್ನದೇ ಬೋರ್ಡು (ಶಾಲೆಯ ಆಡಳಿತ ಸಮಿತಿ) ಇರುವ ಪುಟ್ಟ ಸರ್ಕಾರ. ನ್ಯೂಜೆರ್ಸಿಯಲ್ಲಿ 564 ಪುರಸಭೆಗಳಿವೆ, ಹತ್ತಿರ ಹತ್ತಿರ 600 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ನಿಮ್ಮ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಗೆ ಹೋಗುವುದು ಇಲ್ಲಿ ಮಾಮೂಲು. ದೊಡ್ಡ ಟೌನ್‌ಶಿಪ್‌ನಲ್ಲಿ ಮಾಲು, ಗೋದಾಮು, ಆಫೀಸುಗಳೂ ಆ ಭಾರಕ್ಕೆ ಹೆಗಲು ಕೊಡುತ್ತವೆ. ನಮ್ಮ ಬರೋದಲ್ಲಿ ಕೊಡುವವರು ಮನೆಯವರು, ಜೊತೆಗೆ ಆ ಪಿಜ್ಜಾ ಅಂಗಡಿ.

ಉಳಿದದ್ದು ರಾಜ್ಯದ ನೆರವು. 2008ರಲ್ಲಿ ನ್ಯೂಜೆರ್ಸಿ ಶಾಲೆಗಳ ಹಣಕ್ಕೆ ಹೊಸ ಸೂತ್ರ ತಂದಿತು. ಊರಿನ ಆಸ್ತಿ ಮೌಲ್ಯ, ಜನರ ಆದಾಯ, ಮಕ್ಕಳ ಸಂಖ್ಯೆ ನೋಡಿ ಯಾರಿಗೆ ಎಷ್ಟು ಎಂದು ಲೆಕ್ಕ ಹಾಕುತ್ತದೆ. ಹಳೆಯ ಲೆಕ್ಕದಲ್ಲಿ ಜಾಸ್ತಿ ಪಡೆಯುತ್ತಿದ್ದ ಊರುಗಳಿಗೆ ಒಮ್ಮೆಲೇ ಪೆಟ್ಟು ಬೀಳಬಾರದು ಅಂತ "ಅಡ್ಜಸ್ಟ್‌ಮೆಂಟ್ ಏಡ್" ಎಂಬ ಬಾಬ್ತನ್ನೂ ಸೇರಿಸಿದರು. ನಮ್ಮ ಬರೋದಲ್ಲಿ ಮಕ್ಕಳು ವರ್ಷ ವರ್ಷ ಕಡಿಮೆಯಾಗುತ್ತಿದ್ದರು, ಆದರೆ ಈ ನೆರವು ಹಾಗೇ ಬರುತ್ತಿತ್ತು. ಸಣ್ಣ ಕ್ಲಾಸು, ಸ್ಪ್ಯಾನಿಷ್, ವಯಲಿನ್ ತರಗತಿ, ಪೂರ್ತಿ ಹೊತ್ತಿನ ಲೈಬ್ರರಿ ಟೀಚರ್, ಆ 9ರ ಹಿಂದಿದ್ದ ಸೊಬಗೆಲ್ಲ ಈ ದುಡ್ಡಿನ ಆಸರೆಯಲ್ಲಿ ನಿಂತಿತ್ತು.

2018ರ ಜುಲೈನಲ್ಲಿ ಕಾನೂನು ಬದಲಾಯಿತು. ಸೂತ್ರಕ್ಕಿಂತ ಜಾಸ್ತಿ ಪಡೆಯುತ್ತಿರುವ ಡಿಸ್ಟ್ರಿಕ್ಟ್‌ಗಳ ಹೆಚ್ಚುವರಿ ನೆರವನ್ನು 2024-25ರ ಹೊತ್ತಿಗೆ, ಏಳು ವರ್ಷದಲ್ಲಿ, ಇಳಿಸುವುದು ಎಂದಾಯಿತು. ಕಾನೂನನ್ನು ನಾನು ಬಯ್ಯುವುದಿಲ್ಲ. ಆ ದುಡ್ಡು ವರ್ಷಗಟ್ಟಲೆ ಕಡಿಮೆ ಪಡೆದಿದ್ದ ಊರುಗಳಿಗೆ ಹೋಯಿತು, ಅಲ್ಲೂ ಮಕ್ಕಳೇ ಇರುವುದು. ನನ್ನ ತಕರಾರು ನನ್ನ ಮೇಲೇ. ಆ ಬಾಬ್ತು ನಾನು ಮನೆ ಕೊಳ್ಳುವ ಮೊದಲೇ ಡಿಸ್ಟ್ರಿಕ್ಟ್‌ನ ವೆಬ್‌ಸೈಟಿನಲ್ಲಿ ಇತ್ತು! "ಯೂಸರ್ ಫ್ರೆಂಡ್ಲಿ ಬಜೆಟ್" ಅಂತಲೇ ಹೆಸರು. ನ್ಯೂಜೆರ್ಸಿಯ ಪ್ರತಿ ಡಿಸ್ಟ್ರಿಕ್ಟೂ ಅದನ್ನು ಹಾಕಲೇಬೇಕು. ಮಕ್ಕಳ ಸಂಖ್ಯೆ ಇಳಿಯುತ್ತಿದೆ, ನೆರವು ಇಳಿದಿಲ್ಲ, ಎರಡು ಸಾಲು ಒಟ್ಟಿಗೆ ಓದಿದ್ದರೆ ಸಾಕಿತ್ತು. ಗ್ರಾನೈಟ್ ಕೌಂಟರ್‌ಟಾಪ್ ನೋಡಲು ಆ ಮನೆಗೆ ನಾಲ್ಕು ಸಲ ಹೋಗಿದ್ದೆ. ಈ ಪಿಡಿಎಫ್ ಒಂದು ಸಲವೂ ತೆರೆಯಲಿಲ್ಲ.

2019ರ ಏಪ್ರಿಲ್ ಕೊನೆಯಲ್ಲಿ ಮೊದಲ ಬಾರಿ ಬಜೆಟ್ ಸಭೆಗೆ ಹೋದೆ. ಶಾಲೆಯ ಕೆಫೆಟೇರಿಯಾ, ಮಕ್ಕಳ ಪುಟ್ಟ ಬೆಂಚುಗಳು, ಎದುರಿಗೆ ಬೋರ್ಡಿನವರು. ಬೋರ್ಡ್ ಸದಸ್ಯರಿಗೆ ಸಂಬಳವಿಲ್ಲ, ಮೂರು ವರ್ಷದ ಅವಧಿ. ಒಬ್ಬರು ಪ್ಲಂಬರ್, ಒಬ್ಬರು ನರ್ಸ್, ಒಬ್ಬರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅವರು ತೋರಿಸಿದ ಲೆಕ್ಕವನ್ನು ನಿಮಗೆ ದುಂಡು ಸಂಖ್ಯೆಯಲ್ಲಿ ಹೇಳುತ್ತೇನೆ. ಊರಿನಿಂದ ಎತ್ತುವ ತೆರಿಗೆ 50 ಲಕ್ಷ ಡಾಲರ್ ಇದ್ದರೆ, ಅದನ್ನು ವರ್ಷಕ್ಕೆ ಶೇ. 2ರಷ್ಟು ಮಾತ್ರ ಏರಿಸಬಹುದು, ಅಂದರೆ 1 ಲಕ್ಷ. ಆರೋಗ್ಯ ವಿಮೆಯಂಥ ಒಂದೆರಡು ಬಾಬ್ತಿಗೆ ವಿನಾಯಿತಿ ಉಂಟು. ಅದೇ ವರ್ಷ ನೆರವು ಒಂದೂವರೆ ಲಕ್ಷ ಇಳಿದರೆ? ಸಂಬಳ, ವಿಮೆ, ಹೀಟಿಂಗ್ ಯಾವುದೂ ಇಳಿಯುವುದಿಲ್ಲ. ಟ್ಯಾಕ್ಸ್ ಏರಿಸಿದ ಮೇಲೂ ಟೀಚರ್‌ಗಳನ್ನು ತೆಗೆಯಬೇಕು. ಜಾಸ್ತಿ ಕೊಟ್ಟು ಕಡಿಮೆ ಪಡೆಯುವುದು ಅಂದರೆ ಇದೇ.

ಮೊದಲು ಸ್ಪ್ಯಾನಿಷ್ ಹೋಯಿತು. ಲೈಬ್ರರಿ ಟೀಚರ್ ವಾರಕ್ಕೆ ಎರಡು ದಿನಕ್ಕೆ ಇಳಿದರು. ಮರುವರ್ಷ ವಯಲಿನ್. ಆಮೇಲೆ ಮಗಳ ತರಗತಿಯ ಎರಡು ಸೆಕ್ಷನ್ ಸೇರಿ ಒಂದೇ ಆಯಿತು, 27 ಮಕ್ಕಳು. ನನ್ನ ಟ್ಯಾಕ್ಸ್ ಬ್ಯಾಂಕಿನ ಎಸ್ಕ್ರೋ (ಸಾಲದ ಕಂತಿನ ಜೊತೆಗೇ ತೆರಿಗೆ ಹಣ ಕೂಡಿಡುವ ಖಾತೆ) ಮೂಲಕ ಹೋಗುತ್ತಿತ್ತು, ಹಾಗಾಗಿ ತಿಂಗಳ ಕಂತೇ ಎರಡು ಸಲ ಏರಿತು. 2018ರಿಂದ ಫೆಡರಲ್ ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ರಾಜ್ಯ ಮತ್ತು ಸ್ಥಳೀಯ ತೆರಿಗೆ ಅಂತ ಕಳೆಯಬಹುದಾದ ಮೊತ್ತಕ್ಕೆ 10,000 ಡಾಲರ್ ಮಿತಿಯೂ ಬಂದಿತ್ತು. ಎಲ್ಲ ಒಟ್ಟಿಗೆ.

ಇಷ್ಟೆಲ್ಲ ಆದರೂ ರೇಟಿಂಗ್ 9ರಿಂದ ಕದಲಲಿಲ್ಲ. 2020 ಮತ್ತು 2021ರಲ್ಲಿ ರಾಜ್ಯದ ಪರೀಕ್ಷೆಯೇ ನಡೆಯಲಿಲ್ಲ, ಹಳೆಯ ಅಂಕವೇ ಮೆರೆಯುತ್ತಿತ್ತು. ಮೇಲಾಗಿ ಸಣ್ಣ ಶಾಲೆಯ ಅಂಕಿಗೆ ಅರ್ಥ ಕಡಿಮೆ. 25 ಮಕ್ಕಳ ತರಗತಿಯಲ್ಲಿ ಒಂದು ಮಗು ಅಂದರೆ ಶೇ. 4. ಎರಡು ಮಕ್ಕಳು ಜ್ವರ ಬಂದು ಪರೀಕ್ಷೆ ಕೆಡಿಸಿಕೊಂಡರೆ ಸಾಕು, ಊರಿನ ಮನೆ ಬೆಲೆ ಬಗ್ಗೆ ಜನ ಚಿಂತೆ ಮಾಡುತ್ತಾರೆ. ಅಪ್ಪ ಅಮ್ಮ ಇಬ್ಬರೂ ಓದಿದವರಾದರೆ ಅಂಕ ಹೇಗೂ ಚೆನ್ನಾಗಿರುತ್ತದೆ. ನಿಮ್ಮ ಮಗ 7ರ ಶಾಲೆಯಲ್ಲೂ ಚೆನ್ನಾಗೇ ಓದುತ್ತಾನೆ, ಬೇಕಾದರೆ ಬರೆದಿಟ್ಟುಕೊಳ್ಳಿ.

"ಬೋರ್ಡನ್ನು ಚುನಾವಣೆಯಲ್ಲಿ ಬದಲಿಸಬಹುದಲ್ಲ?" ಅಂತೀರಾ. ನಾನಾಗ ಎಚ್‌1ಬಿಯಲ್ಲಿದ್ದೆ, ಈಗ ಗ್ರೀನ್ ಕಾರ್ಡ್. ಸಿಟಿಜನ್ ಆಗದೆ ವೋಟಿಲ್ಲ, ಬೋರ್ಡಿಗೆ ನಿಲ್ಲುವುದಂತೂ ಇಲ್ಲವೇ ಇಲ್ಲ. ನವೆಂಬರ್‌ನಲ್ಲಿ ಚುನಾವಣೆ ನಡೆಸುವ ಡಿಸ್ಟ್ರಿಕ್ಟ್‌ಗಳಲ್ಲಿ ಶೇ. 2ರ ಒಳಗಿನ ಬಜೆಟ್ಟು ಮತದಾರರ ಮುಂದೆ ಬರುವುದೇ ಇಲ್ಲ. ಮಿತಿ ದಾಟಬೇಕಾದರೆ ಮಾತ್ರ ಪ್ರತ್ಯೇಕ ಪ್ರಶ್ನೆ ಇಡುತ್ತಾರೆ. ನಮ್ಮಲ್ಲಿ ಒಮ್ಮೆ ಇಟ್ಟರು, ಬಿದ್ದುಹೋಯಿತು. ಪಕ್ಕದ ಮನೆಯ ಅಜ್ಜಿ "ನಾನು ಬೇಡ ಅಂತ ಹಾಕಿದೆ" ಅಂತ ನೇರವಾಗಿ ಹೇಳಿದರು. ಸಿಟ್ಟು ಬಂತು. ಅವರ ಪಿಂಚಣಿಯ ಲೆಕ್ಕ ಕೇಳಿದ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ನಮ್ಮಂಥವರಿಗೆ ಉಳಿದದ್ದು ಸಭೆಯಲ್ಲಿ ಮೂರು ನಿಮಿಷ ಮಾತಾಡುವ ಅವಕಾಶ. ಅದನ್ನು ಬಳಸಿದೆ, ಗಂಟಲು ಒಣಗಿತ್ತು.

ಅದೇ ಸಭೆಯಲ್ಲಿ ಕೇಳಿದ ಒಂದು ಗುಸುಗುಸು ಇವತ್ತಿಗೂ ಚುಚ್ಚುತ್ತದೆ. ವಿಶೇಷ ಅಗತ್ಯವಿರುವ ಮಗುವನ್ನು ಬೇರೆ ವಿಶೇಷ ಶಾಲೆಗೆ ಕಳಿಸಿದರೆ ಖರ್ಚು ಡಿಸ್ಟ್ರಿಕ್ಟಿನದು. ಖಾಸಗಿ ವಿಶೇಷ ಶಾಲೆಯಾದರೆ 55,000 ಡಾಲರ್ ದಾಟಿದ ಮೇಲಷ್ಟೇ ರಾಜ್ಯದ ಹೆಚ್ಚುವರಿ ನೆರವು ಕೇಳಬಹುದು, ಅದೂ ಪೂರ್ತಿ ಸಿಗುವುದಿಲ್ಲ. 300 ಮಕ್ಕಳ ಡಿಸ್ಟ್ರಿಕ್ಟಿನಲ್ಲಿ ಅಂಥ ಎರಡು ಮಕ್ಕಳು ಬಂದರೆ ಬಜೆಟ್ಟೇ ಅಲ್ಲಾಡುತ್ತದೆ. ಜನ ಆ ಮನೆಯವರ ಕಡೆ ತಿರುಗಿ ನೋಡಿದರು. ಆ ಮಗುವಿನ ಹಕ್ಕು ಅದು. ಆದರೆ ಪುಟ್ಟ ಊರಲ್ಲಿ ಯಾರದು ಯಾವ ಖರ್ಚು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಹೆಸರು ಹಿಡಿದು ಕರೆಯುವ ಊರಿನ ಇನ್ನೊಂದು ಮುಖ ಇದು.

ಇನ್ನು ಹೈಸ್ಕೂಲು. ನೀವು ಅದರ ಬಗ್ಗೆ ಒಂದಕ್ಷರವೂ ಬರೆದಿಲ್ಲ. ನೀವು ಹೇಳಿದ ಬರೋದಲ್ಲಿ ಶಾಲೆ 8ನೇ ತರಗತಿಗೇ ಮುಗಿದರೆ, 9ನೇ ತರಗತಿಯಿಂದ ಮಗ ಬೇರೆ ಡಿಸ್ಟ್ರಿಕ್ಟಿನ ಹೈಸ್ಕೂಲಿಗೆ ಹೋಗಬೇಕು. ಫೀಸು ನೀವು ಕಟ್ಟಬೇಕಿಲ್ಲ, ನಮ್ಮ ಊರಿನ ಹಾಗೆ ಪಕ್ಕದ ಊರಿಗೆ ಕಳಿಸುವ ಏರ್ಪಾಡಾದರೆ ನಿಮ್ಮ ಡಿಸ್ಟ್ರಿಕ್ಟ್ ತಲಾ ಇಷ್ಟು ಎಂದು ಕಟ್ಟುತ್ತದೆ. ಆ ಲೆಕ್ಕ ಮೊದಲು ಅಂದಾಜಿನ ಮೇಲೆ, ನಿಜವಾದ ಖರ್ಚು ಗೊತ್ತಾದ ಮೇಲೆ ಬಾಕಿ ಬಿಲ್ ಬರುತ್ತದೆ. ಆ ಹೈಸ್ಕೂಲಿನ ಬೋರ್ಡಿನಲ್ಲಿ ನಿಮ್ಮ ಊರಿಗೊಂದು ಸೀಟು ಬೇಕಾದರೆ ಅಲ್ಲಿನ ಮಕ್ಕಳಲ್ಲಿ ಕನಿಷ್ಠ ಶೇ. 10 ನಿಮ್ಮ ಊರಿನವರಿರಬೇಕು. ನನ್ನ ಮಗಳು 2025ರ ಸೆಪ್ಟೆಂಬರ್‌ನಿಂದ ಹೋಗುತ್ತಿರುವುದು ಯಾವ ಹೈಸ್ಕೂಲಿಗೆ ಗೊತ್ತಾ? ರೇಟಿಂಗ್ 7 ಅಂತ ನಾನು ಬಿಟ್ಟಿದ್ದ ಅದೇ ಟೌನ್‌ಶಿಪ್ಪಿನದಕ್ಕೆ. ಅಲ್ಲಿ ಆರ್ಕೆಸ್ಟ್ರಾ ಇದೆ, ಸ್ಪ್ಯಾನಿಷ್ ಇದೆ, ಅವಳು ಖುಷಿಯಾಗಿದ್ದಾಳೆ. ವಯಲಿನ್ ಮಾತ್ರ ಮರೆತಿದ್ದಾಳೆ.

ಹಾಗಾಗಿ ರೇಟಿಂಗ್ ಒಂಬತ್ತಾ ಏಳಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡೂ ಡಿಸ್ಟ್ರಿಕ್ಟ್‌ಗಳ ಐದು ವರ್ಷದ ಬಜೆಟ್ ಇಳಿಸಿಕೊಳ್ಳಿ. ಮಕ್ಕಳ ಸಂಖ್ಯೆ ನೋಡಿ, ರಾಜ್ಯದ ನೆರವು ನೋಡಿ, ವರ್ಷ ವರ್ಷ ಉಳಿತಾಯದಿಂದ ಎಷ್ಟು ತೆಗೆದು ಬಜೆಟ್ ಸರಿದೂಗಿಸುತ್ತಿದ್ದಾರೆ ನೋಡಿ. ಉಳಿತಾಯ ಕರಗುತ್ತಿದ್ದರೆ, ಒಲೆ ಉರಿಯಲಿ ಅಂತ ಮನೆಯ ತೊಲೆ ಕಿತ್ತು ಹಾಕಿದ ಹಾಗೆ. 2025-26ಕ್ಕೆ ನೆರವಿನ ಕಡಿತಕ್ಕೆ ಶೇ. 3ರ ಮಿತಿ ಹಾಕಿದರು ಅಂತ ಯಾರಾದರೂ ಸಮಾಧಾನ ಹೇಳಿದರೆ, ಅದು ಆ ವರ್ಷದ ಬಜೆಟ್ಟಿನ ಮಾತು ಅಂತ ನೆನಪಿರಲಿ. ರಿಯಲ್ ಎಸ್ಟೇಟ್ ಏಜೆಂಟ್ ಹತ್ತಿರ ಶಾಲೆಯ ಬಗ್ಗೆ ಜಾಸ್ತಿ ಕೇಳಬೇಡಿ. ಅವರಿಗೆ ಮನೆ ಮಾರಬೇಕು, ಪಾಪ.

ನನ್ನನ್ನು ಕೇಳಿದರೆ ಒಂದು ವರ್ಷ ಬಾಡಿಗೆಗಿರಿ. ಬೋರ್ಡ್ ಮೀಟಿಂಗ್‌ಗೆ ಯಾರು ಬೇಕಾದರೂ ಹೋಗಬಹುದು, ಮನೆ ಇರಬೇಕೆಂದಿಲ್ಲ. ಗವರ್ನರ್ ಬಜೆಟ್ ಭಾಷಣ ಆದ ಎರಡು ದಿನದಲ್ಲಿ ಪ್ರತಿ ಡಿಸ್ಟ್ರಿಕ್ಟಿನ ನೆರವಿನ ಅಂಕಿ ಹೊರಬರುತ್ತದೆ. ಅದಾದ ಮೇಲಿನ ಮೊದಲ ಮೀಟಿಂಗ್‌ಗೇ ಹೋಗಿ. ಊಟ ಮುಗಿಸಿಕೊಂಡು ಹೋಗಿ, ಕೂರಲು ಒಂದು ದಿಂಬು ಇರಲಿ. ಆ ಬೆಂಚುಗಳು ಮೂರನೇ ಕ್ಲಾಸಿನ ಮಕ್ಕಳ ಅಳತೆಯವು.